ನೆಲ ಇಲ್ಲದ ಅಕ್ಷರ

ಹೋದದ್ದು ಮೊದಲ ಹೊಂಬಳದವರ ಲಗ್ನಪತ್ರಿಕಿ.
ಹೋತು ಅಂದ್ರ ಕಳುವಾಗಲಿಲ್ಲ, ಸುಟ್ಟು ಬೂದಿ ಆಗಲಿಲ್ಲ.
ಇದ್ದಲ್ಲೇ ಇತ್ತು, ಮೂಲ್ಯಾಗ ಒಂದು ಸಣ್ಣ ಬಾಣ ಬಂದಿತ್ತು.
ಒತ್ತಿದರ ಹೊಸ್ತಲ ಐತಿ,
ಮನಿ ಇಲ್ಲ.

ನೂರಾ ಎಂಬತ್ತು ಫೋಲ್ಡರು, ಎಲ್ಲಕ್ಕೂ ಬಾಣ.
ಲಕ್ಕುಂಡಿಯವರ ಗೃಹಪ್ರವೇಶ,
ಮುಳಗುಂದದ ಡೇರಿಯ ರಸೀದಿ ಬುಕ್ಕು,
ಗುರವ್ವಾಯಿಯ ಶಿವಗಣಾರಾಧನೆಯ ಕಾರ್ಡು,
ಅದರಾಗ ಆಕಿದು ಇದ್ದದ್ದೊಂದ ಫೋಟೋ,
ರೇಷನ್ ಕಾರ್ಡಿನ್ಯಾಗಿಂದು ದೊಡ್ಡದು ಮಾಡಿದ್ದು.

"ವೈರಸ್ಸು ಅಕ್ಕಾರ" ಅಂದ ದಾದಾಪೀರ,
ನೆಗಡಿ ಅಂದಷ್ಟು ಹಗರಕ.
"ಯಾರ ಪೆನ್ ಡ್ರೈವ್ ಚುಚ್ಚಿದ್ರಿ?"
ಯಾರದು ಚುಚ್ಚಿಲ್ಲ ಕೇಳಪಾ!
ಪ್ರೆಸ್ಸಿನವರದು, ಸಾಲಿ ಮಾಸ್ತರರದು,
ಕೀಲಿಕೈ ಗೊಂಚಲಿನ್ಯಾಗ ಜೋತುಬಿದ್ದದ್ದು,
ಅಡಕಿ ಚೀಲದಾಗಿಂದ ತಂಬಾಕ ಸಮೇತ ಬಂದದ್ದು.
ಬೆಟಗೇರಿಯ ಈ ಓಣ್ಯಾಗ
ಸಕ್ಕರಿ ಇಲ್ಲ ಅನ್ನಬಹುದು,
ಪೆನ್ ಡ್ರೈವ್ ಒಲ್ಲೆ ಅನ್ನಾಕ ಬರೂದಿಲ್ಲ.

ಮೂರು ಸಲ ಫಾರ್ಮ್ಯಾಟ್, ಸಲಕ್ಕ ಮುನ್ನೂರೈವತ್ತು.
ಮೂರು ಸಲ ಮನಿ ತೊಳದು ಸುಣ್ಣ ಹೊಡದ್ಹಂಗ.
ಮೂರೂ ಸಲ ಹೊಳ್ಳಿ ಬಂತು,
ಹೇಳದ ಕೇಳದ, ಬೀಗರು ಬಂದ್ಹಂಗ.

ಅಪ್ಪ ಪ್ರೆಸ್ಸಿನ್ಯಾಗ ಮೊಳಿ ಜೋಡಸ್ತಿದ್ದ.
ಸೀಸದ ಅಕ್ಷರ, ಎಲ್ಲಾ ಉಲ್ಟಾ, ಅಂವಗಷ್ಟ ಸುಲ್ಟಾ.
ಇಲಿ ಇದ್ದವು, ಜೊಂಡಿಗ್ಯಾ ಇದ್ದವು,
ಒಂದೂ ಒಂದು ಒತ್ತಕ್ಷರ ತಿನ್ನಲಿಲ್ಲ.
ಒಮ್ಮೆ ಇಡೀ ಕೇಸ ಕೈಜಾರಿ ಬಿತ್ತು.
ರಾತ್ರಿ ಕಂದೀಲ ಹಿಡಕೊಂಡು
ನಾನೂ ಅಂವಾ ನೆಲಕ್ಕ ಬಗ್ಗಿ ಆರಿಸಿದಿವಿ,
ಕ ಒಂದು ಕಡೆ, ಖ ಒಂದು ಕಡೆ.
ಬೆಳಗಾಗೂದ್ರಾಗ ಎಲ್ಲಾ ಸಿಕ್ಕವು, ಒಂದು ಳ ಬಿಟ್ಟು.
ಇಲ್ಲಿ ಬಿದ್ದದ್ದಕ್ಕ
ನೆಲಾನ ಇಲ್ಲ.

ಹೊಸಾದು ತಗೋಬೇಕಂದೆ. ಅಂದದ್ದ ತಡ
ಮಂದಿಗೆ ಮಾತು ಹುಟ್ಟಿದವು.
ಮೈದುನ ಫಕ್ಕೀರಪ್ಪ "ಅಸೆಂಬಲ್ ಮಾಡಸ್ರಿ" ಅಂದ,
ಅಕ್ಕನ ಮಗಳು "ಲ್ಯಾಪ್‌ಟಾಪ್ ಚಿಕ್ಕಮ್ಮಾ, ಮಡಚಿ ಇಡಬಹುದು" ಅಂದ್ಲು,
ನಾನೇನು ಜಮಖಾನಿ ಕೊಳ್ಳಾಕ ಹೊಂಟೇನೇನು?
ಇನ್ನೊಬ್ಬರು ಅರ್ಧ ಕಚ್ಚಿದ ಸೇಬಿಂದು ತೋರಿಸಿದರು,
ಅದಕ್ಕ ವೈರಸ್ಸ ಬರೂದಿಲ್ಲಂತ.
ರೇಟು ಕೇಳಿದೆ.
ವೈರಸ್ಸೂ ಕೇಳಿರಬೇಕು.
ಧಾರವಾಡದ ಕಾಲೇಜಿನ ಹುಡುಗೊಬ್ಬ ಬಂದಿದ್ದ,
"ಲಿನಕ್ಸ್ ಹಾಕ್ರಿ, ಪುಕ್ಕಟ, ರೋಗ ಇಲ್ಲ ರುಜಿನ ಇಲ್ಲ."
"ನುಡಿ ನಡೀತೈತೇನು ಅದರಾಗ?"
ಗದ್ದ ತಿಕ್ಕೊಂಡ. "ಅದೊಂದು ನೋಡಬೇಕ್ರಿ."

ಪಿಗ್ಮಿ ಮುರಿಸಿ ಹುಬ್ಬಳ್ಳಿ ಬಸ್ ಹತ್ತಿದೆ.
ಕೊಪ್ಪಿಕರ ರೋಡಿನ ತಣ್ಣನ ಅಂಗಡ್ಯಾಗ
ಟೈ ಕಟ್ಟಿದ ಹುಡುಗ ಕೇಳಿದ,
"ಯೂಸ್ ಯಾವ್ದು ಮೇಡಂ, ಹೋಮಾ, ಆಫೀಸಾ?"
ಒಂದ ಖೋಲಿ ತಮ್ಮಾ.
ಆರಕ್ಕ ರೊಟ್ಟಿ, ಹತ್ತಕ್ಕ ಕಾರ್ಡು,
ಒಲಿಯಿಂದ ಕೀಲಿಮಣೆಗೆ ನಾಲ್ಕು ಹೆಜ್ಜಿ.
ಹೋಮ್ ಎಲ್ಲಿ ಮುಗೀತು, ಆಫೀಸ್ ಎಲ್ಲಿ ಸುರು ಆತು,
ನೀನ ಅಳದು ಹೇಳು.

ರ‍್ಯಾಮ್ ಅಂದ, ಜಿಬಿ ಅಂದ, ಕಂತು ಅಂದ.
ನನಗ ಬೇಕಾದದ್ದು ಒಂದ ಪರೀಕ್ಷಾ.
ಕುಂತು 'ಜ್ಯೋತ್ಸ್ನಾ' ಅಂತ ಹೊಡದೆ,
ನಮ್ಮ ಧಂದೆದಾಗ ಎಲ್ಲಾರಗಿಂತ ಹಟಮಾರಿ ಮದುಮಗಳು.
ಪರದೆ ಮ್ಯಾಲ ಸಾಲಾಗಿ ಪೆಟ್ಟಿಗಿ ಬಂದವು,
ಚೌಕ ಚೌಕ, ಒಳಗ ಗಾಳಿ.
ಹುಡುಗ ಹೆಗಲು ಹಾರಿಸಿದ.
ಅಂಗಡಿಗೆ ಅಂಗಡಿ, ಆರನೇದರಾಗ
ಒಬ್ಬ ಮುದುಕ, ಮೂಗಿನ ತುದಿಗೆ ಚಾಳೀಸ,
ಕೇಳೂಕಿಂತ ಮೊದಲ ಫಾಂಟ್ ಹಾಕಿ ಕೊಟ್ಟ.
ತ್ಸ್ನಾ ಬಿತ್ತು, ಒಂದರ ಕೆಳಗೊಂದು,
ಅಪ್ಪ ಕೂಡಿಸಿಟ್ಟಂಗ.

ಹಂಗ ಬಂತು ಈ ಕರಿ ಡಬ್ಬಿ,
ಅಣ್ಣಿಗೇರಿ ದಾಟೂತನಕ ತೊಡಿ ಮ್ಯಾಲ.
ಕಂಡಕ್ಟರ್ ಅದಕ್ಕೂ ಅರ್ಧ ಚೀಟಿ ಹರದ.
ದಾದಾಪೀರ ಬಂದು ಎಲ್ಲಾ ತೂತಿಗೂ
ಕರಿ ಟೇಪು ಬಡದ. "ಯಾರಿಗೂ ತೆಗೀಬ್ಯಾಡ್ರಿ, ನನಗೂ."

ಮೂರ ದಿನಾ ಆಗಿತ್ತು.
ನಿನ್ನೆ ಸಂಜಿಕೆ ಗುರವ್ವಾಯಿಯ ಮೊಮ್ಮಗ ಬಂದ,
ಕೈಯಾಗ ಪೆನ್ ಡ್ರೈವ್, ಬೆವತದ್ದು.
"ಯಾರದೋ ಲಗ್ನದ ಫೋಟೋದಾಗ
ಆಯಿ ಹಿಂದ ನಿಂತಾಳ್ರಿ, ಅಕ್ಕಿಕಾಳು ಹಿಡಕೊಂಡು.
ನಗಾಕತ್ತಾಳ."

ಉಗುರಿಂದ ಟೇಪು ಎಬ್ಬಿಸಿದೆ.
ಹಸಿರು ಗೆರಿ ತೆವಳಾಕತ್ತೈತಿ,
ತೊಂಬತ್ನಾಲ್ಕಕ್ಕ ಬಂದು ಕುಂತೈತಿ.
ಒಲಿ ಮ್ಯಾಲ ಚಹಾ.
ಅಂವಾ ಪರದೆ ನೋಡತಾನ, ನಾ ಅಂವನ್ನ.